ನನ್ನ ಕೈಯ ಎಣ್ಣೆ

ಹೊಸ ತಿಪ್ಪಸಂದ್ರ
ಸೆಪ್ಟೆಂಬರ್ ೮, ಸೋಮವಾರ

ತೇಜಶ್ರೀಯ ಅಪ್ಪನವರಿಗೆ ಮಂಜುಳಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಎದೆ ಹಿಡಿದ ಹಾಗಾಗುವುದು ಮತ್ತೆ ಬಂದಿಲ್ಲ ತಾನೆ? ಮೆಟ್ಟಿಲು ಹತ್ತುವಾಗ ಉಸಿರು ಸರಾಗವಾಗಿದೆಯೇ? ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ, ಸ್ಟೆಂಟ್ ಹಾಕಿದ ಡಾಕ್ಟರು ಅದನ್ನು ಎಷ್ಟು ಒತ್ತಿ ಹೇಳಿದ್ದರು ಅನ್ನುವುದು ನೆನಪಿರಲಿ. ಈ ಸಲ ಮಳೆ ಬಿಡುವ ಹಾಗೆ ಕಾಣುತ್ತಿಲ್ಲ, ಕೆ.ಆರ್. ಪುರದ ಕಡೆ ಇನ್ನೂ ಜಾಸ್ತಿಯಂತೆ, ತಲೆ ನೆನೆಸಿಕೊಳ್ಳಬೇಡಿ. ಹಂಸ ಹೇಗಿದ್ದಾಳೆ? ತನ್ನ ಮನೆ, ಗಂಡ, ಸೊಸೆ ಎಲ್ಲರನ್ನೂ ನೋಡಿಕೊಂಡು, ಅಣ್ಣನನ್ನೂ ಮೂರು ತಿಂಗಳಿಂದ ಮಗುವಿನ ಹಾಗೆ ಸಾಕುತ್ತಿದ್ದಾಳೆ, ಪುಣ್ಯಾತ್ಗಿತ್ತಿ. ಅವಳ ಯಜಮಾನರ ಮಂಡಿನೋವು ಕಡಿಮೆಯಾಯಿತೇ? ಸೊಸೆ ಯಮುನಾಳನ್ನು ಕೇಳಿದೆನೆಂದು ಹೇಳಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮಾರ್ಕೆಟ್ ರಸ್ತೆಯನ್ನು ಮತ್ತೆ ಅಗೆದಿದ್ದಾರೆ, ಸೊಪ್ಪಿನವಳು ಗಾಡಿಯನ್ನು ನಮ್ಮ ಗೇಟಿನ ಹತ್ತಿರವೇ ನಿಲ್ಲಿಸುತ್ತಾಳೆ. ತೇಜಶ್ರೀ ಶನಿವಾರ ಸರ್ವಜ್ಞನಗರದಿಂದ ಬಂದಿದ್ದಳು. ಅಪ್ಪನನ್ನು ಬಿಟ್ಟು ಬೇರೆ ಮಾತಿಲ್ಲ ಅವಳಿಗೆ.

ಇಷ್ಟು ಹೊತ್ತಿಗೆ ಹಂಸ ಗಂಟಲು ಸರಿಮಾಡಿಕೊಂಡು ರಾಗವಾಗಿ ಓದುತ್ತಿರಬೇಕು. ನನಗೆ ಗೊತ್ತಿಲ್ಲವೇ? ನಿಮಗೆ ಯಾವ ಕಾಗದ ಬಂದರೂ ಕನ್ನಡಕ ಎಲ್ಲಿಟ್ಟೆನೋ ಅನ್ನುತ್ತೀರಿ. ಈ ಮನೆಯಲ್ಲಿ ನಾನು ಓದಿ ಹೇಳುತ್ತಿದ್ದೆ, ಆ ಮನೆಯಲ್ಲಿ ಹಂಸ. ಅವಳದು ಭಜನಾ ಮಂಡಳಿಯ ಗಂಟಲು. ಊಟವಾದ ಮೇಲೆ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ಲಕೋಟೆ ಹರಿದು, ಗಟ್ಟಿಯಾಗಿ ಓದುವುದು ಅವಳಿಗೊಂದು ಸಂತೋಷ. ಫೋನ್ ಮಾಡಿದರೆ ಅವಳೇ ಎತ್ತಿ “ಅಣ್ಣ ಮಲ್ಗಿದಾನೆ ಅತ್ತಿಗೆ, ಡಿಸ್ಟರ್ಬ್ ಮಾಡ್ಬೇಡಿ” ಅನ್ನುತ್ತಾಳೆ. ವಾಟ್ಸಾಪ್ ಕಳಿಸಿದರೆ ನೀವು ನೋಡುವ ಮೊದಲೇ ಅಳಿಸಿರುತ್ತಾಳೆ. ಅದಕ್ಕೇ ಈ ಕಾಗದ. ಹಂಸ, ನಿಲ್ಲಿಸಬೇಡ ಕಣಮ್ಮ. ಇಲ್ಲಿ ನಿಲ್ಲಿಸಿದರೆ ನಿನ್ನ ಯಜಮಾನರು “ಯಾಕೆ, ಮುಂದೆ ಏನ್ ಬರ್ದವ್ರೆ?” ಅಂತ ಕೇಳಿಯೇ ಕೇಳುತ್ತಾರೆ. ನಿನಗೆ ಗಂಟಲು ಕಟ್ಟಿದರೆ ಯಮುನಾಳ ಕೈಗೆ ಕೊಡು, ಅವಳ ಓದು ಇನ್ನೂ ಸ್ಪಷ್ಟ.

ಈಗ ಜೂನ್ ತಿಂಗಳಿಗೆ ಬನ್ನಿ. ನಿಮಗೆ ಸ್ಟೆಂಟ್ ಹಾಕಿದ ಮಾರನೇ ದಿನ, ವಾರ್ಡಿನಲ್ಲಿ, ನಿಮ್ಮ ತಮ್ಮ, ಅವನ ಹೆಂಡತಿ, ದೊಮ್ಮಲೂರಿನ ಚಿಕ್ಕಪ್ಪನ ಮಕ್ಕಳು, ನಮ್ಮ ಎದುರು ಮನೆಯ ಆಂಜನಮ್ಮ, ಎಲ್ಲರೂ ಮಂಚದ ಸುತ್ತ ನಿಂತಿದ್ದರು. ನಾನು ನಿಮ್ಮ ಕಾಲಿನ ಹತ್ತಿರ ಕಿತ್ತಳೆ ಸುಲಿಯುತ್ತ ಕೂತಿದ್ದೆ. ಹಂಸ ಬಂದಳು, ನಿಮ್ಮ ಹಣೆ ಮುಟ್ಟಿ ನೋಡಿದಳು, ನನ್ನ ಕಡೆ ತಿರುಗಿದಳು. “ಅತ್ತಿಗೆ, ನಿಮ್ ಕೈ ಎಣ್ಣೆನೇ ನಮ್ಮಣ್ಣನ್ನ ಇಲ್ಲಿ ತಂದು ಮಲಗ್ಸಿದ್ದು. ಮದ್ವೆ ಆದಾಗಿಂದ ಹುಯ್ದಿದ್ದೀರ, ಇನ್ನಾದ್ರೂ ಅವನ್ನ ನಮ್ಗೆ ಬಿಟ್ಬಿಡಿ.” ಇಷ್ಟು ಮಂದಿಯ ಎದುರಿಗೆ. ನರ್ಸ್ ಕೂಡ ತಿರುಗಿ ನೋಡಿದಳು. ನಾನು ನಿಮ್ಮ ಮುಖ ನೋಡಿದೆ. ನೀವು ಎಚ್ಚರವಾಗಿದ್ದಿರಿ, ನನ್ನನ್ನು ನೋಡಿಯೂ ನೋಡಿದಿರಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಅನ್ನುತ್ತಾರಲ್ಲ, ನೀವು ಎಣ್ಣೆಯ ಮಾತು ಬಂದಾಗ ಕಣ್ಣು ಮುಚ್ಚಿಕೊಂಡಿರಿ, ನಿದ್ದೆ ಬಂದವರ ಹಾಗೆ. “ಹಂಸ, ಸುಮ್ನಿರು” ಅನ್ನುವುದಕ್ಕೆ ಎಷ್ಟು ಉಸಿರು ಬೇಕಿತ್ತು? ಅಷ್ಟನ್ನೂ ನೀವು ಖರ್ಚು ಮಾಡಲಿಲ್ಲ. ಡಿಸ್ಚಾರ್ಜ್ ಆದ ದಿನ ಅವಳ ಕಾರು ಹತ್ತಿ ಹೋದಿರಿ. ನಾನು ನಿಮ್ಮ ಬಟ್ಟೆಯ ಬ್ಯಾಗನ್ನು ಡಿಕ್ಕಿಯಲ್ಲಿಟ್ಟು, ಆಟೋ ಹಿಡಿದು ಒಬ್ಬಳೇ ಮನೆಗೆ ಬಂದೆ.

ಆ ಮಾತು ನನಗಿಂತ ಮೊದಲೇ ನಮ್ಮ ಬೀದಿಗೆ ಬಂದು ಕೂತಿತ್ತು. ಆಂಜನಮ್ಮನ ಬಾಯಿ ಗೊತ್ತಲ್ಲ? ಸೊಪ್ಪಿನವಳು ಕೂಡ “ಯಜಮಾನ್ರಿಗೆ ಎಣ್ಣೆ ಜಾಸ್ತಿ ಆಗೋಯ್ತಂತಲ್ಲಮ್ಮ” ಅಂದಳು. ಗೌರಿ ಹಬ್ಬ ಬಂದರೆ ನಮ್ಮ ಸಾಲಿನ ಮನೆಗಳವರೆಲ್ಲ ಒಬ್ಬಟ್ಟಿನ ಹೂರಣದ ಹದ ನೋಡುವುದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಈ ಸಲ ಒಬ್ಬರೂ ಕರೆಯಲಿಲ್ಲ. ಬಾಗಿನ ಕೊಡಲು ಬಂದವರು ಕೂಡ ನಾನು ಕೊಟ್ಟ ಕೋಡುಬಳೆಯನ್ನು ಬಾಯಿಗೆ ಹಾಕದೆ ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಗಂಡನಿಗೆ ಅನ್ನ ಹಾಕಿಯೇ ಕೊಲ್ಲುವುದಕ್ಕೆ ಹೊರಟವಳು ಅಂತ ಆಯಿತು ನನ್ನ ಹೆಸರು. ನಾನು ಈ ಮನೆಗೆ ಬಂದಾಗಿನಿಂದ ಸಂಪಾದಿಸಿದ್ದು ಅಡುಗೆಯ ಹೆಸರೊಂದೇ ರೀ. ಚಿನ್ನ ಸಂಪಾದಿಸಲಿಲ್ಲ, ಸೈಟು ಸಂಪಾದಿಸಲಿಲ್ಲ. ಇದ್ದ ಒಂದು ಹೆಸರನ್ನು ನಿಮ್ಮ ತಂಗಿ ಕಿತ್ತುಕೊಂಡಳು, ನೀವು ಕಣ್ಣು ಮುಚ್ಚಿಕೊಂಡು ಕೊಟ್ಟುಬಿಟ್ಟಿರಿ.

ಅಲ್ಲಿಗೂ ಬಿಟ್ಟಳೇ? ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದು ಫೋಟೋ. “ಇವತ್ತಿನ ಅಣ್ಣನ ಊಟ, ಒಂದು ತೊಟ್ಟು ಎಣ್ಣೆ ಇಲ್ಲ.” ಕೆಳಗೆ ಕೈಮುಗಿದ ಗೊಂಬೆಗಳ ಸಾಲು. ದೊಮ್ಮಲೂರಿನವರು ಹೆಬ್ಬೆಟ್ಟು ಒತ್ತುತ್ತಾರೆ, ನಿಮ್ಮ ತಮ್ಮನ ಹೆಂಡತಿ “ಅಕ್ಕ, ನೀವೇ ದೇವ್ರು” ಅಂತ ಬರೆಯುತ್ತಾಳೆ. ಪ್ರತಿ ಹೆಬ್ಬೆಟ್ಟೂ ನನ್ನ ಕೆನ್ನೆಗೆ. ನಾನು ಗುಂಪು ಬಿಡಲಿಲ್ಲ. ಬಿಟ್ಟರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಎಲ್ಲ ಫೋಟೋ ನೋಡಿದೆ, ಎಲ್ಲ ಹೆಬ್ಬೆಟ್ಟು ನೋಡಿದೆ.

ಆದರೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಅಳುವ ಹೆಂಗಸಲ್ಲ ನಾನು. ನನ್ನ ಕೈ ನಿಜಕ್ಕೂ ತಪ್ಪು ಮಾಡಿತ್ತೇ ಅನ್ನುವುದು ನನಗೇ ಗೊತ್ತಾಗಬೇಕಿತ್ತು. ತೇಜಶ್ರೀ ನನ್ನನ್ನು ಅದೇ ಆಸ್ಪತ್ರೆಯ ಡಯಟೀಶಿಯನ್ ಹತ್ತಿರ ಕರೆದುಕೊಂಡು ಹೋದಳು. ಅಲಿಯಾ ಅಂತ, ಫ್ರೇಜರ್ ಟೌನಿನ ಹುಡುಗಿ, ನಗುನಗುತ್ತಲೇ ಮಾತಾಡುತ್ತಾಳೆ. ಬೆಳಗ್ಗೆಯಿಂದ ರಾತ್ರಿವರೆಗೆ ನಾನು ಏನು ಮಾಡುತ್ತೇನೆ, ಒಗ್ಗರಣೆಗೆ ಎಷ್ಟು, ಪಲ್ಯಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಪ್ಯಾಕೆಟ್, ಎಲ್ಲ ಕೇಳಿದಳು. ಆಮೇಲೆ ಹೇಳಿದಳು: “ಆಂಟಿ, ಹಾರ್ಟ್ ಪೇಷಂಟಾದ್ರೂ ಎಣ್ಣೆ ಪೂರ್ತಿ ಬಿಡೋ ಹಾಗಿಲ್ಲ. ಸೊಪ್ಪು ತರಕಾರೀಲಿರೋ ಸತ್ವ ಮೈಗೆ ಹತ್ಬೇಕಂದ್ರೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಅಂಕಲ್‌ಗೆ ದಿನಕ್ಕೆ ಮೂರು ಟೀ ಚಮಚ ಸಾಕು, ಎಣ್ಣೆ ತುಪ್ಪ ಬೆಣ್ಣೆ ಎಲ್ಲಾ ಸೇರಿ. ತಿಂಗಳಿಗೆ ತಲೆಗೆ ಅರ್ಧ ಲೀಟರ್ ಅನ್ಕೊಳಿ. ಕರಿದ ಎಣ್ಣೇನ ಮತ್ತೆ ಕಾಯ್ಸ್ಬೇಡಿ, ಡಾಲ್ಡಾ ಮನೆಯೊಳಗೇ ತರ್ಬೇಡಿ.” ನಾನು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ, ಹಾಗಾದರೆ ನಮ್ಮವರನ್ನು ಮಲಗಿಸಿದ್ದು ನನ್ನ ಕೈಯೇನಮ್ಮ? ನಮ್ಮಿಬ್ಬರಿಗೆ ತಿಂಗಳಿಗೆ ಒಂದು ಲೀಟರ್ ಪ್ಯಾಕೆಟ್, ಮೇಲೆ ಒಂದು ಪುಟ್ಟ ಬಾಟಲಿ ತುಪ್ಪ, ಅಷ್ಟೇ ತಾನೇ ನಾನು ತರುತ್ತಿದ್ದದ್ದು. ಅವಳು ತಲೆಯಾಡಿಸಿದಳು. “ತುಪ್ಪದಷ್ಟು ಮೇಲಾಯ್ತು, ಇಳಿಸ್ಕೊಳಿ. ಆದ್ರೆ ಹೀಗೆ ಬ್ಲಾಕ್ ಆಗೋಕೆ ವಯಸ್ಸು, ಬಿಪಿ, ವಂಶ, ಎಲ್ಲಾ ಸೇರುತ್ತೆ. ಅಂಕಲ್ ಹೊರಗಡೆ ಏನ್ ತಿಂತಾರೆ?” ನಾನು ಎಷ್ಟು ಜಂಬದಿಂದ ಹೇಳಿದೆ ಗೊತ್ತೇ, “ಹೊರಗಡೆ ಅವ್ರು ಕಾಫಿನೂ ಕುಡಿಯಲ್ಲಮ್ಮ” ಅಂತ! ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಆ ಹುಡುಗಿ ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಹಂಸಳ ಫೋಟೋಗಳನ್ನು ಮತ್ತೆ ನೋಡಿದೆ. ಅಯ್ಯೋ ಶಿವನೇ! ಒಗ್ಗರಣೆಗೆ ಎಣ್ಣೆಯಿಲ್ಲ, ನಿಜ. ಸಾಸಿವೆಯನ್ನು ಬರೀ ಬಾಣಲೆಯಲ್ಲಿ ಸುಟ್ಟು ಕರಕಲು ಮಾಡಿ ಸಾರಿಗೆ ಹಾಕಿದ್ದಾಳೆ. ಆದರೆ ಅದರ ಪಕ್ಕದಲ್ಲಿ ಮುದ್ದೆ, ಮುದ್ದೆಯ ನಡುವೆ ಬಾವಿ, ಬಾವಿಯ ತುಂಬ ತುಪ್ಪ. “ದೇಸಿ ಹಸುವಿನ ತುಪ್ಪ ಕೊಬ್ಬಲ್ಲ, ಔಷಧಿ” ಅಂತ ಬರೆದಿದ್ದಾಳೆ. ಬೆಳಗ್ಗೆ ಬಿಸಿನೀರಿಗೆ ಗಾಣದ ಕೊಬ್ಬರಿ ಎಣ್ಣೆ, ದೊಡ್ಡ ಚಮಚದಲ್ಲಿ ಎರಡು, “ಹೃದಯಕ್ಕೆ ಅಮೃತ” ಅಂತೆ. ಯಾವುದೋ ವಿಡಿಯೋದಲ್ಲಿ ಯಾರೋ ಗಡ್ಡದವರು ಹೇಳಿದರಂತೆ. ಹಂಸ, ದೊಡ್ಡ ಚಮಚ ಎರಡು ಅಂದರೆ ಸಣ್ಣ ಚಮಚ ಆರು ಕಣೇ! ನಿಮ್ಮಣ್ಣ ಹಲ್ಲುಜ್ಜಿ ಬರುವಷ್ಟರಲ್ಲಿ ಎರಡು ದಿನದ ಪಾಲು ಹೊಟ್ಟೆಗೆ ಸೇರಿತು. ನಿನ್ನ ಲೆಕ್ಕದಲ್ಲಿ ಬಾಣಲೆಯಲ್ಲಿ ಚುಯ್ ಅಂದರೆ ಮಾತ್ರ ಅದು ಎಣ್ಣೆ. ಮೇಲಿಂದ ಸುರಿದದ್ದು ಪ್ರಸಾದ. ಗಾಣದಿಂದ ಬಂದರೂ ಗಿರಣಿಯಿಂದ ಬಂದರೂ ಜಿಡ್ಡು ಜಿಡ್ಡೇ ಅನ್ನುವುದನ್ನು ನಾನೂ ಮೊನ್ನೆ ಮೊನ್ನೆ ಕಲಿತೆ. ಆದರೆ ಕಲಿಯದೆ ಇನ್ನೊಬ್ಬಳ ತಲೆಯ ಮೇಲೆ ಗೂಬೆ ಕೂರಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಹಂಸಳ ಮೇಲೆ ಮಾತ್ರ ಹಲ್ಲು ಕಡಿಯುತ್ತಿದ್ದೆ. ಹೋದ ಸೋಮವಾರ ಹಲಸೂರಿನ ಆದಿನಾರಾಯಣ ಮನೆಗೆ ಬಂದರು, ನಿಮ್ಮ ಕಾರ್ಖಾನೆಯ ಗೆಳೆಯರು. ಕೈಯಲ್ಲಿ ನಿಮ್ಮ ಕಪ್ಪು ಛತ್ರಿ, ಹಿಡಿಗೆ ನಾನೇ ಸುತ್ತಿದ್ದ ಕೆಂಪು ದಾರ ಇನ್ನೂ ಇತ್ತು. “ನಮ್ ಸಂಜೀವಪ್ಪ ಇದನ್ನ ಹೋಟ್ಲಲ್ಲಿ ಮರ್ತು ಬಂದ್ಬಿಟ್ಟಿದ್ದ ಅತ್ತಿಗೆ, ನಿನ್ನೆ. ಇದಾನಾ ಒಳ್ಗೆ?” ನೀವು ಕೆ.ಆರ್. ಪುರದಲ್ಲಿರುವುದು ಪಾಪ ಅವರಿಗೆ ಗೊತ್ತೇ ಇಲ್ಲ. ಯಾವ ಹೋಟೆಲು ಅಂದೆ. ಒಳ್ಳೆಯ ಮನುಷ್ಯ, ಕಾಫಿ ಕುಡಿಯುತ್ತ ಎಲ್ಲ ಹೇಳಿದರು. ರಿಟೈರ್ ಆದಾಗಿನಿಂದ ವಾರದಲ್ಲಿ ನಾಲ್ಕೈದು ಬೆಳಗ್ಗೆ ಇಬ್ಬರೂ ಅಲ್ಲೇ ಸೇರುವುದಂತೆ. ನಿಮಗೆ ಎರಡು ಬೆಣ್ಣೆ ಖಾಲಿ ದೋಸೆ, ಮೇಲೆ ಇನ್ನೊಂದು ಉಂಡೆ ಬೆಣ್ಣೆ, ಕೆಲವು ದಿನ ಒಂದು ಪ್ಲೇಟ್ ವಡೆ. ಆಪರೇಷನ್ ಆದ ಮೇಲೆ ಒಂದು ತಿಂಗಳು ಕಾಣಿಸಲಿಲ್ಲವಂತೆ, ಆಮೇಲೆ ಮತ್ತೆ ಶುರುವಂತೆ, ಈಗ ಮೆಟ್ರೊದಲ್ಲಿ ಬರುತ್ತೀರಂತೆ. “ಬೇಜಾರು ಮಾಡ್ಕೋಬೇಡಿ ಅತ್ತಿಗೆ, ಮನೇಲಿ ನೀವು ಎಣ್ಣೆನೇ ಮುಟ್ಸಲ್ವಂತೆ, ನಾಲಿಗೆ ಸತ್ತೋಗಿದೆ ಅಂತಾನೆ, ಅದಕ್ಕೇ ಬರೋದಂತೆ” ಅಂದರು. ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಹಲಸೂರು ಸೋಮೇಶ್ವರನ ದರ್ಶನಕ್ಕೆ ಹೋಗಿ ಬರುತ್ತೇನೆ ಅನ್ನುತ್ತಿದ್ದಿರಲ್ಲ ರೀ! ಹಣೆಯ ತುಂಬ ವಿಭೂತಿ ಬಳಿದುಕೊಂಡು ಬಂದು, ನಾನು ಬಿಸಿಬಿಸಿಯಾಗಿ ಮಾಡಿದ ಉಪ್ಪಿಟ್ಟಿನಲ್ಲಿ ಎರಡು ತುತ್ತು ತಿಂದು, “ಹೊಟ್ಟೆ ತುಂಬ್ದಂಗಿದೆ ಮಂಜುಳಾ” ಅನ್ನುತ್ತಿದ್ದಿರಿ. ವಯಸ್ಸಾದ ಮೇಲೆ ದೇವರ ಕಡೆ ಮನಸ್ಸು ತಿರುಗಿದೆ, ಹಸಿವು ಕಡಿಮೆಯಾಗಿದೆ ಅಂತ ನಾನು ಎದುರು ಮನೆಯವಳ ಹತ್ತಿರ ಹೇಳಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು, ನಾನು ಬೆಕ್ಕಿನ ಬೆನ್ನು ಸವರುತ್ತಿದ್ದೆ.

ಹೇಳಿಕೆ ಮಾತನ್ನು ನಂಬಬಾರದು ಅಂತ ಗುರುವಾರ ನಾನೇ ಹೋದೆ. ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಆದಿನಾರಾಯಣ ಹೇಳಿದ ಗುರುತಿನ ಮೇಲೆ ಆ ಹೋಟೆಲು ಹುಡುಕಿ, ಕಂಬದ ಹಿಂದಿನ ಮೇಜಿನಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತೆ. ನೀವು ಬಂದಿರಿ. ಕಾಲಲ್ಲಿ ಹಂಸ ಕೊಡಿಸಿದ ವಾಕಿಂಗ್ ಶೂ. ಅವಳು ಗುಂಪಿನಲ್ಲಿ “ಅಣ್ಣ ದಿನಾ ಎರಡು ಗಂಟೆ ವಾಕ್ ಮಾಡ್ತಾನೆ” ಅಂತ ಹಾಕಿದ್ದ ಅದೇ ವಾಕು. ನನಗೆ ಬೆನ್ನು ಮಾಡಿ ಕೂತಿರಿ. ನೀವು ಹೇಳುವುದಕ್ಕೂ ಮೊದಲೇ ದೋಸೆ ಬಂತು. ತಂದವನು “ಬೆಣ್ಣೆ ಇನ್ನೊಂದು ಉಂಡೆ ಹಾಕ್ಲಾ ಯಜಮಾನ್ರೇ?” ಅಂದ. ನೀವು ನಕ್ಕಿರಿ. “ಹಾಕು ಗುರು, ಮನೇಲಿ ಎಲ್ಲಿ ಕಾಣ್ತೀವಿ ಇದ್ನೆಲ್ಲ? ನಮ್ಮನೆಯವ್ಳು ಎಣ್ಣೆ ಡಬ್ಬಕ್ಕೆ ಬೀಗ ಹಾಕವ್ಳೆ.” ಹಂಸಳ ಮನೆಯ ಸುಟ್ಟ ಸಾಸಿವೆ ತಿಂದು ಬಂದು ಅಲ್ಲೂ ನನ್ನನ್ನೇ ದೂರಿದಿರಿ! ಸುಳ್ಳು ಹೇಳಲೇಬೇಕು ಅಂತಿದ್ದರೆ ತಂಗಿಯ ಹೆಸರು ಬಾಯಿಗೆ ಬರುವುದಿಲ್ಲವೇ? ಎದ್ದು ಬಂದು ಆ ತಟ್ಟೆಯನ್ನು ನಿಮ್ಮ ತಲೆಯ ಮೇಲೆ ಮಗುಚಬೇಕು ಅನ್ನಿಸಿತು. ಆಮೇಲೆ ನಿಮ್ಮ ಕುತ್ತಿಗೆ ಕಣ್ಣಿಗೆ ಬಿತ್ತು. ಶರ್ಟಿನ ಕಾಲರು ಸಡಿಲವಾಗಿ ನಿಂತಿತ್ತು, ಅಷ್ಟು ಇಳಿದುಹೋಗಿದ್ದೀರಿ. ಕೊನೆಯ ಚೂರಿನಿಂದ ತಟ್ಟೆ ಒರೆಸಿ ತಿಂದಿರಿ. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಕಾಫಿಯ ದುಡ್ಡು ಕೊಟ್ಟು ಹಿಂದಿನ ಬಾಗಿಲಿಂದ ಹೊರಗೆ ಬಂದೆ.

ಒಂದೇ ಕೈ ರೀ ಇದು, ನೋಡಿ. ಕೆ.ಆರ್. ಪುರದಲ್ಲಿ ಈ ಕೈ ಎಣ್ಣೆ ಹುಯ್ದು ಹುಯ್ದು ಗಂಡನ ಎದೆ ಕಟ್ಟಿಸಿತು. ಹಲಸೂರಿನಲ್ಲಿ ಇದೇ ಕೈ ಎಣ್ಣೆ ಕೊಡದೆ ಗಂಡನ ನಾಲಿಗೆ ಸಾಯಿಸಿತು. ಎರಡು ಊರಿಗೂ ನಾನೇ ಪಾಪಿ. ತಂಗಿಯ ಮುಂದೆ ಬಡಪಾಯಿ ಅಣ್ಣ, ಗೆಳೆಯರ ಮುಂದೆ ಬಡಪಾಯಿ ಗಂಡ, ಎರಡು ಕಡೆಯೂ ಮರುಕ ಗಿಟ್ಟಿಸಿದಿರಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನೀವು ಬೆಣ್ಣೆ ತಿಂದಿರಿ, ನೀರು ಮಾತ್ರ ನನಗೆ ಕುಡಿಸಿದಿರಿ.

ಸೇಡು ಬೇಕು ನನಗೆ. ಹೆಂಗಸು ಹಾಗೆಲ್ಲ ಅನ್ನಬಾರದಂತೆ. ನಾನು ಅನ್ನುತ್ತೇನೆ. ಹೋಟೆಲಿನಲ್ಲಿ ಕೂತಿದ್ದಾಗ ನಿಮ್ಮ ಬೆನ್ನು, ನಿಮ್ಮ ತಟ್ಟೆ, ಕರಗುತ್ತಿದ್ದ ಆ ಬೆಣ್ಣೆ, ಎಲ್ಲವೂ ಬರುವ ಹಾಗೆ ಫೋಟೋ ತೆಗೆದಿದ್ದೇನೆ. ಮನೆಗೆ ಬಂದು ಗುಂಪಿನಲ್ಲಿ “ಇವತ್ತಿನ ಅಣ್ಣನ ತಿಂಡಿ” ಅಂತ ಟೈಪ್ ಕೂಡ ಮಾಡಿದೆ. ಒತ್ತಿದ್ದರೆ ಆಗಿಹೋಗುತ್ತಿತ್ತು, ನಿಮ್ಮ ತಮ್ಮನ ಹೆಂಡತಿ ಯಾವ ಗೊಂಬೆ ಹಾಕುತ್ತಿದ್ದಳೋ ನೋಡಬಹುದಿತ್ತು. ಆದರೆ ಒತ್ತಲಿಲ್ಲ. ದಯೆಯಿಂದಲ್ಲ. ಫೋನು ಹೇಳಿದ ನಿಜ ನನಗೆ ಸಾಲದು. ಅವತ್ತು ಮುಚ್ಚಿಕೊಂಡ ಬಾಯಿಯೇ ಬಿಚ್ಚಬೇಕು. ತೇಜಶ್ರೀ ಕೇಳಿಕೊಂಡಳು, “ಅಮ್ಮ, ಅಪ್ಪಂಗೆ ಏನಾದ್ರೂ ಆದ್ರೆ?” ಅಂತ. ನನಗೂ ಅದೇ ಭಯ. ರಾತ್ರಿ ಫೋನ್ ಶಬ್ದವಾದರೆ ಎದ್ದು ಕೂರುತ್ತೇನೆ. ಬೆಳಗ್ಗೆ ಅಮೃತ, ಅದರ ಮೇಲೆ ಬೆಣ್ಣೆ, ಮಧ್ಯಾಹ್ನ ಔಷಧಿಯ ಬಾವಿ. ಆ ಸ್ಟೆಂಟು ಎಷ್ಟನ್ನು ತಡೆದೀತು? ನೀವು ಹೀಗೆಯೇ ಹೋಗಿಬಿಟ್ಟರೆ ನಿಮ್ಮ ಜೊತೆ ನಿಜವೂ ಹೋಗುತ್ತದೆ, ಕೊಂದವಳು ಅನ್ನುವ ಹೆಸರು ನನ್ನ ಪಾಲಿಗೆ ಉಳಿಯುತ್ತದೆ. ಅದಕ್ಕೆ ನಾನು ಬಿಡುವುದಿಲ್ಲ.

ಇಲ್ಲಿಯ ಅಡುಗೆಮನೆ ಈಗ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಹಂಸಳೂ ಕೇಳಿಸಿಕೊಳ್ಳಲಿ. ಬೆಳಗ್ಗೆ ಸ್ನಾನವಾದ ಮೇಲೆ ಆ ದಿನದ ಎಣ್ಣೆಯನ್ನು ಸಣ್ಣ ಬಟ್ಟಲಿಗೆ ಅಳೆದು ಹಾಕಿ, ಪ್ಯಾಕೆಟನ್ನು ಮೇಲಿನ ಶೆಲ್ಫಿಗೆ ಎತ್ತಿಡುತ್ತೇನೆ. ತುಪ್ಪ ಬೇಕೆನಿಸಿದರೆ ಆ ಬಟ್ಟಲಿನಲ್ಲಿ ಅಷ್ಟು ಎಣ್ಣೆ ಕಡಿಮೆ. ಬೆಳಗ್ಗೆ ಚಿತ್ರಾನ್ನಕ್ಕೆ ಕೈ ಧಾರಾಳವಾದರೆ ರಾತ್ರಿ ಬರೀ ಸೊಪ್ಪಿನ ಬಸ್ಸಾರು. ಪಲ್ಯಕ್ಕೆ ಮುಚ್ಚಳ ಮುಚ್ಚಿ ಅದರ ನೀರಿನಲ್ಲೇ ಬೇಯಿಸಿ, ಒಂದು ಚಮಚದ ಒಗ್ಗರಣೆಯನ್ನು ಕೊನೆಯಲ್ಲಿ ಕೊಡುತ್ತೇನೆ, ಘಮ ಹಾಗೆಯೇ ಉಳಿಯುತ್ತದೆ. ಸಾಸಿವೆ ಸಿಡಿಯುತ್ತದೆ, ಕರಿಬೇವು ಗರಿಗರಿ ಆಗುತ್ತದೆ. ಮೊನ್ನೆ ತೇಜಶ್ರೀ ಹುರುಳಿಕಾಯಿ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡಳು. ನಾಲಿಗೆ ಸಾಯಿಸದೆ ಎದೆಯನ್ನೂ ಉಳಿಸಬಹುದು ರೀ. ಹಾಗೆ ಮಾಡಿ ಹಾಕುವ ಕೈ ಇಲ್ಲೇ ಇತ್ತು, ಈಗಲೂ ಇದೆ.

ಕೊನೆಯದಾಗಿ ಹಬ್ಬದ ವಿಷಯ. ನಿನ್ನೆ ಹಂಸ ಗುಂಪಿನಲ್ಲಿ ಹಾಕಿದ್ದಾಳೆ: “ಈ ಸಲ ಹಿರಿಯರ ಹಬ್ಬ ನಮ್ಮನೇಲೇ ಮಾಡೋಣ, ಅಣ್ಣನಿಗೆ ಓಡಾಟ ಬೇಡ, ಅಡ್ಗೆನೂ ಎಣ್ಣೆ ಇಲ್ದೆ ಮಾಡ್ತೀನಿ.” ಹುಟ್ಟಿದ ಮನೆಯ ಹಿರಿಯರಿಗೆ ಕೊಟ್ಟ ಮನೆಯಲ್ಲಿ ಎಡೆ ಇಡುವುದು ಎಲ್ಲಿಯ ಪದ್ಧತಿ ಕಣಮ್ಮ? ನಿನ್ನ ಅಪ್ಪ ಅಮ್ಮನ ಫೋಟೋ ಈ ಮನೆಯ ಗೋಡೆಯ ಮೇಲಿದೆ. ಅವರು ಬರುವುದು ದೊಡ್ಡ ಮಗನ ಮನೆಗೆ, ಉಣ್ಣುವುದು ದೊಡ್ಡ ಸೊಸೆಯ ಕೈಯ ಅಡುಗೆ. ಅತ್ತೆಗೆ ಮಸಾಲೆ ವಡೆ ಪ್ರಾಣ, ಅದನ್ನು ನೀನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಇಟ್ಟರೆ ಕಾಗೆಯೂ ಮುಟ್ಟುವುದಿಲ್ಲ. ಸತ್ತವರಿಗೆ ಕೊಲೆಸ್ಟ್ರಾಲ್ ಇಲ್ಲ. ಅವರಿಗೆ ಹೊಸ ಎಣ್ಣೆಯಲ್ಲಿ ಕರಿದೇ ಇಡುತ್ತೇನೆ, ಮಾವನಿಗೆ ಮಟನ್ ಸಾರು ಮುದ್ದೆಯನ್ನೂ ಇಡುತ್ತೇನೆ. ಬದುಕಿರುವವರ ಎಲೆಗೆ ಅಳತೆಯ ಅಡುಗೆ, ತಲೆಗೆ ಒಂದೇ ವಡೆ. ಇಪ್ಪತ್ತೊಂದನೇ ತಾರೀಖು ಭಾನುವಾರ ಅಮಾವಾಸ್ಯೆ. ನಿಮ್ಮ ತಮ್ಮನಿಗೂ ದೊಮ್ಮಲೂರಿನವರಿಗೂ ನಾನೇ ಫೋನ್ ಮಾಡಿ ಕರೆದಿದ್ದೇನೆ, ಎದುರು ಮನೆಯ ಆಂಜನಮ್ಮನನ್ನೂ ಬಿಟ್ಟಿಲ್ಲ. ವಾರ್ಡಿನಲ್ಲಿ ನಿಂತಿದ್ದವರಲ್ಲಿ ಆ ನರ್ಸ್ ಒಬ್ಬಳು ಬರುವುದಿಲ್ಲ, ಅಷ್ಟೇ.

ಯಮುನಾ, ಓದುತ್ತಿರುವುದು ನೀನಾಗಿದ್ದರೆ, ನಿನಗೆ ಒಳ್ಳೆಯದಾಗಲಿ ಮಗಳೇ. ಹಂಸ, ನಿನ್ನ ಸಂಸಾರ ತಣ್ಣಗಿರಲಿ, ಆ ಎಣ್ಣೆ ನೀರನ್ನು ನಾಳೆಯಿಂದ ನಿಲ್ಲಿಸು. ಮನೆದೇವರು ಮುನೇಶ್ವರ ನಿಮ್ಮ ಎದೆಯನ್ನು ಕಾಯಲಿ ರೀ. ನಾನು ಬೈದದ್ದನ್ನು ಅವನು ಕೇಳಿಸಿಕೊಳ್ಳದಿರಲಿ.

ಇಂತಿ,
ಇನ್ನೂ ನಿಮ್ಮ ಹೆಂಡತಿಯಾಗಿರುವ
ಮಂಜುಳಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ, ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು. ಎಡೆ ಇಟ್ಟು, ಹಿರಿಯರು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ, ನಾವೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವಲ್ಲ, ಆಗ ಯಾರೂ ಮಾತಾಡುವುದಿಲ್ಲ. ಅವತ್ತು ನೀವು ಮಾತಾಡಬೇಕು. “ನಾನು ಹೊರಗಡೆ ತಿಂದೆ, ಇವಳ ಕೈ ತಪ್ಪಿಲ್ಲ” ಅಂತ ಎಲ್ಲರಿಗೂ ಕೇಳಿಸುವ ಹಾಗೆ, ಒಳಗೆ ಕೂತ ನಿಮ್ಮಮ್ಮನಿಗೂ ಕೇಳಿಸುವ ಹಾಗೆ. ಹೇಳಿದರೆ ಅಂದಿನಿಂದಲೇ ಬಟ್ಟಲಿಗೆ ಎರಡಾಳಿನ ಎಣ್ಣೆ ಅಳೆಯುತ್ತೇನೆ, ನಿಮ್ಮ ಬ್ಯಾಗು ಒಳಗೆ ಬರಲಿ. ಬರದಿದ್ದರೆ, ಅಥವಾ ಬಂದೂ ಕಣ್ಣು ಮುಚ್ಚಿಕೊಂಡು ನಿಂತರೆ, ಅತ್ತೆಯದೊಂದು ಎಲೆ, ಮಾವನದೊಂದು ಎಲೆ, ಪಕ್ಕದಲ್ಲಿ ಮೂರನೆಯದೊಂದು ಎಲೆ ಹಾಕುತ್ತೇನೆ. ಹೋದವರಿಗೆ ಇಷ್ಟವಾದದ್ದನ್ನೇ ಬಡಿಸಬೇಕಲ್ಲ, ಅದಕ್ಕೆ ಹಲಸೂರಿನಿಂದ ಎರಡು ಬೆಣ್ಣೆ ಖಾಲಿ ದೋಸೆ ತರಿಸುತ್ತೇನೆ. ಬದುಕಿರುವವರಿಗೆ ಎಡೆ ಇಡಬಾರದು ಅನ್ನುವುದು ನನಗೂ ಗೊತ್ತು. ಬಂದು ಮಾತಾಡಿ, ಎಲೆ ಎತ್ತುತ್ತೇನೆ.